ನಡುವಿನ ದಿನಗಳ ಕಾಕಾ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನ ದೇವರ ಫೋಟೋ, ಹುಟ್ಟುಹಬ್ಬದ ಹಾರೈಕೆ, ಯಾರದೋ ಕುಬಸದ ಸುದ್ದಿ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಯುಗಾದಿ ಹತ್ತಿರ ಬಂದಾಗ ಅದು ಒಮ್ಮಿಂದೊಮ್ಮೆಲೆ ತುಂಬತೊಡಗಿತು. ಬರೆಯುತ್ತಿದ್ದವನು ಕಾಕಾನ ಮೊಮ್ಮಗ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಹುಡುಗ. ಊರಿನ ಹೊಲದಲ್ಲಿ ಅಜ್ಜನ ಹೆಸರಿನ ಶಾಲೆ, ಶಾಲೆಗೊಂದು ರಂಗಮಂದಿರ, ರಂಗಮಂದಿರದ ದೀಪಗಳಿಗೆ ಸೋಲಾರ್, ಸೋಲಾರ್‌ನವರ ಜೊತೆ ಆಗಲೇ ಮಾತುಕತೆ, ನೌಕರಿಗೆ ರಾಜೀನಾಮೆ ಕೊಡುವ ವಿಚಾರ. ಒಂದು ಮುಗಿಯುವ ಮೊದಲೇ ಇನ್ನೊಂದು. ಹಿರಿಯರೊಬ್ಬರು ‘ಅಜ್ಜನ ರಕ್ತ!’ ಎಂದು ಬರೆದರು. ಉಳಿದವರು ಚಪ್ಪಾಳೆಯ ಚಿತ್ರ ಹಾಕಿದರು. ನನ್ನ ಕಣ್ಣು ಮಾತ್ರ ಪ್ರತಿ ಸಂದೇಶದ ಕೆಳಗಿದ್ದ ವೇಳೆಯ ಮೇಲೆ ನಿಂತಿತು. ರಾತ್ರಿ ಎರಡು, ಮೂರು, ಮೂರೂವರೆ, ಐದು. ಮತ್ತೆ ಬೆಳಿಗ್ಗೆ ಏಳಕ್ಕೆ, ಅಷ್ಟೇ ಹುರುಪಿನಲ್ಲಿ.

ಅವನ ಹೆಂಡತಿ ಮೈಸೂರು ಕಡೆಯವಳು, ಮಿತಭಾಷಿ. ಅವಳೇ ಫೋನ್ ಮಾಡಿದಳು. “ಅತ್ತೆ, ಇವರು ಈ ವಾರ ರಾತ್ರಿ ಎರಡು ಗಂಟೆ ಮಲಗಿದ್ರೆ ಹೆಚ್ಚು. ಹಾಗಂತ ಸುಸ್ತೇ ಇಲ್ಲ. ನಂಗೆ ಭಯ ಆಗ್ತಿರೋದೇ ಅದಕ್ಕೆ.”

ಇದೇ ಮಾತನ್ನು ನಾನು ಸಣ್ಣವಳಿದ್ದಾಗ ಅಡಿಗೆಮನೆಯಲ್ಲಿ ಕೇಳಿದ್ದೆ. ಕಾಕಾನ ಹೆಂಡತಿ ಕಾಕು ಒಲೆಯ ಮುಂದೆ ಕುಳಿತು ನಮ್ಮ ಆಯಿಗೆ ಹೇಳುತ್ತಿದ್ದಳು: “ದಣಿವ ಇಲ್ರಿ ಅತ್ತಿ ಅವರಿಗೆ. ಚಿಂತಿಯಿಂದ ನಿದ್ದಿ ಬರದವರು ಮುಂಜಾನೆ ಮಾರಿ ಬಾಡಿಸಿಕೊಂಡಿರ್ತಾರ. ಇವರು ನೋಡ್ರಿ, ಲಗ್ನಕ್ಕ ಹೊಂಟವರಂಗ ಅದಾರ.” ಮನೋವೈದ್ಯರ ಪುಸ್ತಕಗಳು ಉನ್ಮಾದದ ಮೊದಲ ಗುರುತುಗಳಲ್ಲಿ ಒಂದೆಂದು ಹೇಳುವುದು ಇದನ್ನೇ. ನಿದ್ದೆ ಬಾರದಿರುವುದು ಬೇರೆ, ನಿದ್ದೆಯೇ ಬೇಡವಾಗುವುದು ಬೇರೆ. ಓದು ಬಾರದ ಕಾಕು ಅಷ್ಟನ್ನು ತಾನೇ ಕಂಡುಕೊಂಡಿದ್ದಳು. ಅವಳ ಮಾತಿಗೆ ಮನೆಯಲ್ಲಿ ಯಾರೂ ಕಿವಿಗೊಡಲಿಲ್ಲ ಎನ್ನುವುದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಗದಗ ಸೀಮೆಯ ಊರು ನಮ್ಮದು. ಎರೆಹೊಲ, ಹತ್ತಿ, ಜೋಳ. ಕಾಕಾ ಪಕ್ಕದ ಹಳ್ಳಿಯ ಕನ್ನಡ ಸಾಲಿಯ ಮಾಸ್ತರ. ಕೆಲವು ವರ್ಷ ಹೋಳಿಹುಣ್ಣಿಮೆ ಬರುವಷ್ಟರಲ್ಲಿ ಅವನ ಸುತ್ತ ಮನೆಯೇ ತಿರುಗತೊಡಗುತ್ತಿತ್ತು. ನಸುಕಿನಲ್ಲಿ ನಮ್ಮನ್ನೆಲ್ಲ ಎಬ್ಬಿಸಿ ಹಾಡು ಹೇಳಿಸುವನು. ಸಾಲಿಯಿಂದ ಬರುವಾಗ ಸೈಕಲ್ಲಿನ ಹಿಂದೆ ಒಂದು ಗಂಟು ಪೇಡೆ, ಕೈತುಂಬ ಬಳೆ, ಎಲ್ಲರಿಗೂ ಇಳಕಲ್ಲ ಸೀರೆ. ನಾಟಕ ಬರೆಯುವನು, ಒಂದು ಅಂಕ ಮುಗಿಯುವ ಮೊದಲೇ ಗದಗಿನ ಛಾಪಖಾನೆಗೆ ಹೋಗಿ ಜಾಹೀರಾತಿನ ಹಾಳೆಗಳನ್ನು ಉದ್ರಿಯಲ್ಲಿ ಅಚ್ಚು ಹಾಕಿಸಿಕೊಂಡು ಬರುವನು. ಕಂಪನಿ ಕಟ್ಟುವುದು, ಜಾತ್ರೆ ಜಾತ್ರೆಗೆ ಡೇರೆ ಹಾಕುವುದು, ನನಗೆ ರಾಣಿಯ ಪಾರ್ಟು. ಒಂಬತ್ತು ವರ್ಷದ ಹುಡುಗಿಗೆ ಇನ್ನೇನು ಬೇಕು?

ಒಂದು ವರ್ಷ ಅವನ ತಲೆಯಲ್ಲಿ ಲಕ್ಕುಂಡಿ ಹೊಕ್ಕಿತು. ನೂರೊಂದು ಗುಡಿ, ನೂರೊಂದು ಬಾವಿ ಎಂದು ನಮ್ಮ ಕಡೆ ಹೇಳುವ ಊರು ಅದು. ಒಂದೊಂದು ಬಾವಿಯನ್ನೂ ಅಳೆದು ಚರಿತ್ರೆ ಬರೆಯುತ್ತೇನೆಂದು ರಾತ್ರಿಯೆಲ್ಲ ನಡೆದು ಹೋಗುವನು, ಹಗಲು ಬಂದು ಪಾಠ ಮಾಡುವನು. ಅಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ, ದಾನಚಿಂತಾಮಣಿ ಎಂದು ಹೆಸರಾದವಳು, ತನಗೆ ಅಪ್ಪಣೆ ಕೊಟ್ಟಿದ್ದಾಳೆಂದು ಹೇಳಿದ. ಆ ವಾರ ಹತ್ತಿ ಮಾರಿದ ರೊಕ್ಕವಷ್ಟೂ ದಾನವಾಗಿ ಹೋಯಿತು. ಊರಿನವರು ಕಾಲಿಗೆ ಬಿದ್ದರು. ತಪ್ಪು ತೋರಿಸಿದ ಹೆಡ್‌ಮಾಸ್ತರರ ಮೇಲೆ ಅವನು ಏರಿಹೋದ. ಬೇಡವೆಂದು ಕೈ ಹಿಡಿದ ಕಾಕುವನ್ನು ತಳ್ಳಿದ. ಅವಳ ಹಣೆಗೆ ಕಂಬ ಬಡಿಯಿತು. ನಗುವವನ ಮುಖದಲ್ಲಿ ಅಷ್ಟು ಸಿಟ್ಟು ಎಲ್ಲಿಂದ ಬಂತೆಂದು ನಾವು ಮಕ್ಕಳು ಗಾಬರಿಯಾಗಿ ನೋಡುತ್ತ ನಿಂತೆವು. ಉನ್ಮಾದವೆಂದರೆ ಸಂತೋಷವೊಂದೇ ಎಂದು ತಿಳಿದವರು ಬಹಳ. ಅದರಲ್ಲಿ ಅರ್ಧ ಕೆರಳುವಿಕೆ. ತನ್ನ ವೇಗಕ್ಕೆ ಜಗತ್ತು ಬರಲಿಲ್ಲವೆಂಬ ಕೆರಳುವಿಕೆ.

ಕಾಕುವಿಗೆ ಇದರ ಸುಳಿವು ಎಲ್ಲರಿಗಿಂತ ಮೊದಲು ಸಿಗುತ್ತಿತ್ತು, ಚಿಮಣಿ ಎಣ್ಣೆಯಿಂದ. ಸೊಸೈಟಿಯಲ್ಲಿ ತಂದ ಎಣ್ಣೆ ತಿಂಗಳು ಪೂರ್ತಿ ಬರಬೇಕು. ಹದಿನೈದು ದಿನಕ್ಕೇ ಡಬ್ಬಿ ಹಗುರಾಯಿತೆಂದರೆ ಕಂದೀಲು ರಾತ್ರಿಯೆಲ್ಲ ಉರಿಯುತ್ತಿದೆ ಎಂದರ್ಥ. ನಾಟಕದ ಮಾತು ಬರುವ ಮೊದಲೇ, ಸೀರೆ ಬರುವ ಮೊದಲೇ ಅವಳು ಡಬ್ಬಿ ಎತ್ತಿ ನೋಡಿ ಸುಮ್ಮನಾಗುತ್ತಿದ್ದಳು.

ಇನ್ನೊಂದು ಕಾಲದ ಬಗ್ಗೆ ಹೇಳಲು ಹೆಚ್ಚಿಲ್ಲ, ಏಕೆಂದರೆ ಆಗ ಏನೂ ನಡೆಯುತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ, ಬೇಸಿಗೆಯಲ್ಲೂ ಕಂಬಳಿ ಹೊದ್ದು ಮಲಗಿರುವನು. ಜಳಕವಿಲ್ಲ, ಊಟವಿಲ್ಲ. ಬೆಳಗಿನ ಜಾವ ಎಚ್ಚರವಾಗಿ ಸೂರು ನೋಡುತ್ತಿರುವನು. ಹೊತ್ತು ಇಳಿದಂತೆ ಒಂದೆರಡು ಮಾತು ಹೊರಡುತ್ತಿದ್ದವು. ಸಾಲಗಾರರು ಆ ತಿಂಗಳುಗಳಲ್ಲೇ ಬರುತ್ತಿದ್ದರು. “ನಿಮಗೆಲ್ಲಾ ಹೊರಿ ಆಗೇನಿ” ಎಂದು ಒಮ್ಮೆ ಅಪ್ಪನಿಗೆ ಹೇಳಿದ್ದನ್ನು ಬಾಗಿಲ ಸಂದಿಯಿಂದ ಕೇಳಿಸಿಕೊಂಡಿದ್ದೆ. ಆ ದಿನಗಳಲ್ಲಿ ಕಾಕು ಅವನನ್ನು ಒಬ್ಬನನ್ನೇ ಬಿಡುತ್ತಿರಲಿಲ್ಲ. ಹಿತ್ತಲಿಗೆ ಹೋದರೂ ನಮ್ಮಲ್ಲೊಬ್ಬರನ್ನು ಜೊತೆಗೆ ಕಳಿಸುವಳು. ಕಾರಣ ಹೇಳುತ್ತಿರಲಿಲ್ಲ.

ಮನೆಯವರು ಈ ಎರಡನ್ನೂ ಒಂದೇ ಕಾಯಿಲೆ ಎಂದು ನೋಡಲೇ ಇಲ್ಲ. ಮಲಗಿದಾಗ ಯಾರದೋ ಕಣ್ಣು ಬಿದ್ದಿದೆ. ಎದ್ದಾಗ ದೇವರು ಕಣ್ಣು ತೆರೆದ. ಮಲಗಿದ್ದಾಗ ಗಾಣಗಾಪುರಕ್ಕೆ ಕರೆದೊಯ್ದರು, ಭೀಮಾ ಅಮರ್ಜಾ ಸಂಗಮದಲ್ಲಿ ಮುಳುಗಿಸಿದರು. ಕೆಲವು ವಾರ ಕಳೆದ ಮೇಲೆ ಅವನು ಎದ್ದು ಕುಳಿತು ಹಾಡತೊಡಗಿದಾಗ ಹರಕೆ ಫಲಿಸಿತೆಂದು ಊರಿಗೆ ಊಟ ಹಾಕಿದರು. ಅದು ಗುಣವಾಗಿರಲಿಲ್ಲ, ಕಾಯಿಲೆ ಮಗ್ಗುಲು ಬದಲಿಸಿತ್ತು. ಆಯಿಯ ಭಕ್ತಿಯನ್ನು ನಾನು ಹಳಿಯಲಾರೆ. ಆಕೆ ಮಗನಿಗಾಗಿ ಆ ಬಿಸಿಲಲ್ಲಿ ಉರುಳುಸೇವೆ ಮಾಡಿದವಳು. ಆದರೆ ಅವನು ಮಂಕಾದಾಗ ಮಾತ್ರ ಚಿಂತೆ ಮಾಡಿ, ಮಿತಿಮೀರಿ ಅರಳಿದಾಗ ಸಂಭ್ರಮಪಟ್ಟ ಮನೆ ನಮ್ಮದು ಎಂದು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಪೇಟೆಯ ಡಾಕ್ಟರೊಬ್ಬರಿಗೂ ತೋರಿಸಿದ್ದಾಯಿತು. ಕಂಬಳಿ ಹೊದ್ದ ಮನುಷ್ಯನನ್ನು ಕಂಡು ಖಿನ್ನತೆಯ ಗುಳಿಗೆ ಬರೆದುಕೊಟ್ಟರು. ಹಿಂದೆ ಹೀಗೆ ಎದ್ದು ಕುಣಿದದ್ದು ಉಂಟೇ ಎಂದು ಅವರು ಕೇಳಲಿಲ್ಲ, ಅದು ಕಾಯಿಲೆಯೆಂದು ತಿಳಿಯದ ಅಪ್ಪ ಹೇಳಲಿಲ್ಲ. ಉನ್ಮಾದ, ಖಿನ್ನತೆ ಎರಡೂ ಬರುವ ಈ ಕಾಯಿಲೆಯಿರುವವರಿಗೆ ಬರೀ ಖಿನ್ನತೆಯ ಔಷಧ ಕೊಟ್ಟರೆ ಕೆಲವರಲ್ಲಿ ಅದು ನೇರ ಉನ್ಮಾದಕ್ಕೆ ಎತ್ತಿ ಹಾಕುತ್ತದೆ. ಆ ಸಲ ಕಾಕಾ ಎದ್ದದ್ದು ಹಾಗೆಯೇ. ಸಾಲಿಯ ಬೀಗ ಒಡೆದು ರಾತ್ರಿ ವರ್ಗ ನಡೆಸಿದ, ತಡೆದವರನ್ನು ಹೊಡೆದ, ಕೊನೆಗೆ ಅವನನ್ನು ಅಂಗಳದ ಕಂಬಕ್ಕೆ ಕಟ್ಟಿದರು. ಕಟ್ಟಿದವರಲ್ಲಿ ಅಪ್ಪನೂ ಇದ್ದ. ಅವನು ಅಳುತ್ತಿದ್ದ.

ಅಪ್ಪ ಓದುವ ಗೀಳಿನವ. ಅದೇ ಸುಮಾರಿಗೆ ವಾಚನಾಲಯದಿಂದ ‘ರಾಶಿ’ಯವರ ‘ಮನಮಂಥನ’ ತಂದಿದ್ದ. ‘ಕೊರವಂಜಿ’ಯ ಸಂಪಾದಕರೆಂದು ಹೆಸರಾಗಿದ್ದ ಡಾಕ್ಟರ್ ಎಂ. ಶಿವರಾಂ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕ, 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಅದನ್ನು ಮುಗಿಸಿದ ಮೇಲೆ ಅಪ್ಪ ಮನೆಯಲ್ಲಿ ಯಾರ ಮಾತಿಗೂ ಕಾಯದೆ ತಮ್ಮನನ್ನು ಧಾರವಾಡಕ್ಕೆ ಕರೆದೊಯ್ದ.

ಧಾರವಾಡಕ್ಕೆ! ನಮ್ಮ ಕಡೆ ಆ ಊರಿನ ಹೆಸರನ್ನು ಬೈಗುಳವಾಗಿ ಬಳಸುತ್ತಿದ್ದರು. ಸ್ವಲ್ಪ ಅಡ್ಡಾದಿಡ್ಡಿ ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಎನ್ನುವುದು. ಬ್ರಿಟಿಷರ ಕಾಲದಲ್ಲಿ, 1845ರಷ್ಟು ಹಿಂದೆ ಶುರುವಾದ ಮಾನಸಿಕ ಆಸ್ಪತ್ರೆ ಅಲ್ಲಿದೆ, ಈಗಿನ ಡಿಮ್ಹಾನ್ಸ್. ಆ ಹೆಸರಿಗೆ ಹೆದರಿ ಎಷ್ಟು ಮನೆಗಳು ಎಷ್ಟು ವರ್ಷ ಕಳೆದವೋ. ಅಲ್ಲಿ ಕಾಕಾನನ್ನು ನೋಡಿದ ಡಾಕ್ಟರರು ಅವನ ಮಾತನ್ನು ಅರ್ಧ ತಾಸು ಕೇಳಿ, ಆಮೇಲೆ ಕಾಕುವನ್ನು ಕೂರಿಸಿಕೊಂಡರು. ಕಾಕು ಅತ್ತಿಮಬ್ಬೆಯ ಅಪ್ಪಣೆಯ ಕಥೆ ಹೇಳತೊಡಗಿದಳು. ಅವರು ತಡೆದು, “ಏನ್ ಮಾತಾಡ್ತಾರ ಅನ್ನೋದು ಇರ್ಲಿ. ಎಷ್ಟು ಜೋರ್ ಮಾತಾಡ್ತಾರ, ನಡುವ ನಿಮಗ ಬಾಯಿ ಹಾಕಾಕ ಬಿಡ್ತಾರೇನು, ರಾತ್ರಿ ಎಷ್ಟ್ ತಾಸು ಮಲಗ್ತಾರ, ಅದನ್ನ ಹೇಳ್ರಿ” ಎಂದರಂತೆ. ಒಬ್ಬೊಬ್ಬರ ತಲೆಗೆ ಅವರವರ ಊರಿನ ದೇವರು, ರಾಜಕೀಯ, ಚರಿತ್ರೆ ಬರುತ್ತದೆ. ರೋಗ ಇರುವುದು ಓಟದಲ್ಲಿ ಎಂದು ವಿವರಿಸಿದರಂತೆ. ಆಗ ಕಾಕು ಚಿಮಣಿ ಎಣ್ಣೆಯ ವಿಷಯ ಹೇಳಿದಳು. ಯಾವ ವರ್ಷ ಯಾವ ತಿಂಗಳಲ್ಲಿ ಎಣ್ಣೆ ಬೇಗ ತೀರಿತು, ಯಾವಾಗ ಇಡೀ ಡಬ್ಬಿ ಉಳಿಯಿತು, ಎಲ್ಲವನ್ನೂ ಬಿತ್ತನೆ ಸುಗ್ಗಿಗಳ ಲೆಕ್ಕದಲ್ಲಿ. ಡಾಕ್ಟರರು ಅಷ್ಟನ್ನೂ ಬರೆದುಕೊಂಡರು. ಮೊದಲ ಸಲ ಯಾರೋ ಅವಳ ಮಾತನ್ನು ಬರೆದುಕೊಂಡಿದ್ದರು.

ಲಿಥಿಯಂ ಶುರುವಾದದ್ದು ಆಗ. ಅದು ಒಂದು ಲವಣ, ನೆಲದಲ್ಲಿ ಸಿಗುವಂಥದ್ದು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯ ಉನ್ಮಾದದ ರೋಗಿಗಳಿಗೆ ಅದನ್ನು ಕೊಟ್ಟು ಫಲ ಕಂಡದ್ದು, ಅಮೆರಿಕದಲ್ಲಿ ಅದಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕದ್ದು 1970ರಲ್ಲಿ. ಅದಾದ ಹತ್ತು ವರ್ಷದೊಳಗೆ ಅದು ಗದಗ ಸೀಮೆಯ ಮಾಸ್ತರನ ಕೈಗೆ ಬಂದಿತ್ತು ಎಂದು ನೆನೆದರೆ ನನಗೆ ಆ ದಿನಗಳ ಸರ್ಕಾರಿ ಡಾಕ್ಟರರ ಮೇಲೆ ಗೌರವ ಉಕ್ಕುತ್ತದೆ. ಆಗಾಗ ರಕ್ತ ತಪಾಸಣೆ ಬೇಕು, ಪ್ರಮಾಣ ಕಡಿಮೆಯಾದರೆ ಔಷಧ ಹತ್ತುವುದಿಲ್ಲ, ಹೆಚ್ಚಾದರೆ ವಿಷ. ಕೈ ಜೋರಾಗಿ ನಡುಗಿದರೆ, ವಾಂತಿ ಭೇದಿಯಾದರೆ, ನಡಿಗೆ ತೂರಾಡಿದರೆ ತಡಮಾಡದೆ ಬರಬೇಕು. ಮೂತ್ರಪಿಂಡ, ಥೈರಾಯ್ಡ್ ಮೇಲೆ ಕಣ್ಣಿಡಬೇಕು. ಕಾಕುವಿಗೆ ಹೇಳಿದ ಎಚ್ಚರಿಕೆಗಳಲ್ಲಿ ಒಂದು ಅವಳನ್ನು ಬೆಚ್ಚಿಬೀಳಿಸಿತು: ಉಪ್ಪು ಬಿಡಬಾರದು. ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಉಪ್ಪಿಲ್ಲದ ಉಪವಾಸ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ. ಆಯಿಯ ಎದುರು ನಿಂತು, “ಇನ್ನ ಮ್ಯಾಲೆ ಅವರಿಗೆ ಆ ವ್ರತ ಇಲ್ರಿ” ಎಂದು ಕಾಕು ಹೇಳಿದ್ದು ಆ ಮನೆಯಲ್ಲಿ ಅವಳು ಎತ್ತಿದ ಮೊದಲ ದನಿ.

ಔಷಧ ಹಿಡಿದ ಮೇಲೆ ಬೇರೆಯದೇ ಕಷ್ಟ ಎದುರಾಯಿತು. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ‘ಶರಪಂಜರ’ ಚಿತ್ರವಾಗಿ ಮಾಡಿದ್ದರು. ನಮ್ಮ ಮನೆಯ ಹೆಂಗಸರೆಲ್ಲ ಗದಗಿನ ಟಾಕೀಜಿನಲ್ಲಿ ಅದನ್ನು ನೋಡಿ ಅತ್ತು ಬಂದಿದ್ದರು. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರ, ನೆರೆಯವರ ಅನುಮಾನವೇ ಮತ್ತೆ ಅಂಚಿಗೆ ತಳ್ಳುತ್ತದೆ. ಅಷ್ಟು ಅತ್ತವರೇ ಮನೆಯಲ್ಲಿ ಅದನ್ನೇ ಮಾಡಿದರು. ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಕಾಕಾ ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ‘ಗುಳಿಗಿ ತಗೊಂಡಿಯೇನು’ ಎಂದು ಕೇಳುವರು. ಒಂದು ಸಂಜೆ ಅವನು ಊಟದ ತಾಟು ಸರಿಸಿ ಹೇಳಿದ: “ನಾ ನಕ್ಕರ ಸಾಕು, ಎಲ್ಲಾರೂ ನನ್ನ ಕಣ್ಣಾಗ ಕಣ್ಣಿಟ್ಟು ನೋಡಾಕ ಹತ್ತತೀರಿ. ನಾ ನಗಬ್ಯಾಡೇನು?” ಗುರುತು ಹಿಡಿಯುವುದಕ್ಕೂ ಕಾವಲು ಕಾಯುವುದಕ್ಕೂ ನಡುವಿನ ಗೆರೆ ಎಷ್ಟು ತೆಳು ಎಂದು ನಾನು ಯೋಚಿಸಿದಾಗಲೆಲ್ಲ ಆ ತಾಟು ಕಣ್ಣಿಗೆ ಬರುತ್ತದೆ. ಕಾಕುವಿಗೆ ಮಾತ್ರ ಆ ಗೆರೆ ತಿಳಿದಿತ್ತು. ಅವಳು ನಗುವನ್ನು ಎಣಿಸಲಿಲ್ಲ, ನಿದ್ದೆಯನ್ನು ಎಣಿಸಿದಳು.

ಕಾಕಾ ನಿವೃತ್ತಿಯಾಗುವವರೆಗೂ ಪಾಠ ಮಾಡಿದ. ನಡುವೆ ಎರಡು ಸಲ ತಾನೇ ಔಷಧ ಬಿಟ್ಟು ಮತ್ತೆ ಧಾರವಾಡ ಕಂಡ. ಉಳಿದಂತೆ ಅವನದು ಎಂಥ ಬದುಕು? ಇದನ್ನು ಈಗ ಕೇಳಿಕೊಂಡಾಗ ನನಗೇ ದಂಗು ಬಡಿಯುತ್ತದೆ. ಏರಿದ ದಿನ, ಇಳಿದ ದಿನಗಳನ್ನು ಕೂಡಿಸಿದರೂ ಅವನ ಆಯುಷ್ಯದ ಸಣ್ಣ ಪಾಲು. ಉಳಿದದ್ದೆಲ್ಲ ನಡುವಿನ ದಿನಗಳು. ಆ ದಿನಗಳ ಕಾಕಾ ಮೆತ್ತಗೆ ಮಾತಾಡುವವನು, ಹುಡುಗರ ಸೀಸಕಡ್ಡಿಗಳನ್ನು ಬ್ಲೇಡಿನಿಂದ ಚೂಪು ಮಾಡಿಟ್ಟು ಸಾಲಿಗೆ ಒಯ್ಯುವವನು, ಭಾಗಾಕಾರ ಬಾರದ ಹುಡುಗನ ಪಕ್ಕ ಹುಣಸೆಬೀಜ ಸುರಿದುಕೊಂಡು ಕುಳಿತುಕೊಳ್ಳುವವನು, ಎತ್ತಿನ ಕೊರಳಿನ ಹುಣ್ಣಿಗೆ ತಾನೇ ಎಣ್ಣೆ ಹಚ್ಚುವವನು, ಸಾಲವನ್ನು ತಿಂಗಳು ತಿಂಗಳು ತೀರಿಸುತ್ತ ಬಂದವನು. ಹಾಡುತ್ತಲೂ ಇದ್ದ, ಸಂಜೆ ಒಂದು ತತ್ವಪದ, ಅಷ್ಟಕ್ಕೆ ಸಾಕು ಮಾಡುತ್ತಿದ್ದ. ಅವನ ಹಾಡು ಕಾಯಿಲೆಯದಲ್ಲ, ಅವನದೇ ಎಂದು ನನಗೆ ಆ ಸಂಜೆಗಳಿಂದಲೇ ಗೊತ್ತು. ಆದರೆ ಆ ಮನುಷ್ಯನ ಬಗ್ಗೆ ಮನೆಯಲ್ಲಿ ಒಂದು ಕಥೆಯೂ ಉಳಿಯಲಿಲ್ಲ. ಉಳಿದದ್ದು ನಾಟಕದ ಹುಚ್ಚಿನ, ಹತ್ತಿಯ ರೊಕ್ಕ ದಾನ ಮಾಡಿದ, ರಾತ್ರಿ ಲಕ್ಕುಂಡಿಗೆ ನಡೆದ ಮಹಾಪುರುಷ. ಕಂಬಳಿ, ಕಂಬ, ಧಾರವಾಡಗಳನ್ನು ಮುಚ್ಚಿಟ್ಟು, ಉನ್ಮಾದವನ್ನು ಮನೆತನದ ಹೆಮ್ಮೆಯಾಗಿ ಮೊಮ್ಮಕ್ಕಳಿಗೆ ದಾಟಿಸಿದರು.

ಅದರ ಬೆಲೆ ಈಗ ಬೆಂಗಳೂರಿನಲ್ಲಿ ತೆತ್ತದ್ದಾಯಿತು. ಹುಡುಗ ಹಿಂದಿನ ವರ್ಷ ಕೆಲವು ತಿಂಗಳು ಮಂಕಾಗಿದ್ದನಂತೆ. ಡಾಕ್ಟರರು ಕ್ರಮವಾಗಿಯೇ ಕೇಳಿದ್ದರು: ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ? ಅವನು ಪ್ರಾಮಾಣಿಕವಾಗಿ ಇಲ್ಲ ಎಂದಿದ್ದ. ಅಜ್ಜ ದೊಡ್ಡ ಕಲಾವಿದ ಎಂದಷ್ಟೇ ಅವನಿಗೆ ಗೊತ್ತು. ಹಾಗಾಗಿ ಖಿನ್ನತೆಯ ಗುಳಿಗೆ ಒಂದನ್ನೇ ಬರೆದರು, ನಲವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಅಜ್ಜನಿಗೆ ಬರೆದಂತೆ.

ಅವನ ಹೆಂಡತಿಗೆ, ಅವಳು ಫೋನ್ ಮಾಡಿದ ದಿನವೇ, ಎಲ್ಲವನ್ನೂ ಹೇಳಿದೆ. ಮರುದಿನ ಮನೋವೈದ್ಯರ ಎದುರು ಅವಳು ಮೊದಲು ಹೇಳಿದ್ದು ಅಜ್ಜನ ವಿಷಯವನ್ನು, ಆಮೇಲೆ ನಿದ್ದೆಯ ಲೆಕ್ಕವನ್ನು. ಕಾಕುವಿಗೆ ಎಣ್ಣೆ ಡಬ್ಬಿ ಹೇಳುತ್ತಿದ್ದುದನ್ನು ಇವಳಿಗೆ ಫೋನಿನ ‘ಲಾಸ್ಟ್ ಸೀನ್’, ಕ್ರೆಡಿಟ್ ಕಾರ್ಡಿನ ಬಿಲ್ಲು ಹೇಳಿದ್ದವು. ಹುರುಪು, ಮಾತಿನ ರಭಸ, ಖರ್ಚು, ನಿದ್ದೆ ಬೇಡವಾಗುವುದು ಒಟ್ಟೊಟ್ಟಿಗೆ ಬಂದು ಒಂದು ವಾರ ನಿಂತರೆ ಉನ್ಮಾದ ಎನ್ನುತ್ತಾರೆ; ನಾಲ್ಕು ದಿನದ ಸೌಮ್ಯ ಏರಿಕೆಯೂ ಉಂಟು, ಅದನ್ನು ‘ಈಗ ಹುಡುಗ ಚುರುಕಾದ’ ಎಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು. ಹುಡುಗ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದ. ಕಂಬವಿಲ್ಲ, ಹಗ್ಗವಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ, ದೇಹದ ಕಾಯಿಲೆಗೆ ಸಿಗುವ ವಿಮೆ ಮನಸ್ಸಿನ ಕಾಯಿಲೆಗೂ ಸಿಗಬೇಕೆಂದಿದೆ. 2022ರಿಂದ ಟೆಲಿ-ಮಾನಸ್ ಸಹಾಯವಾಣಿ ಇದೆ. 14416ಕ್ಕೆ ನಡುರಾತ್ರಿ ಫೋನ್ ಮಾಡಿದರೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಕಾಕುವಿಗೆ ಇದರಲ್ಲಿ ಒಂದಾದರೂ ಇದ್ದಿದ್ದರೆ ಎಂದು ಹೊಟ್ಟೆ ಉರಿಯುತ್ತದೆ. ಹಾಗೆಂದು ಎಲ್ಲ ಬದಲಾಗಿದೆ ಎನ್ನಲಾರೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ಈ ಕಾಯಿಲೆಯಿರುವವರಲ್ಲಿ ಶೇಕಡಾ 70ರಷ್ಟು ಜನ ಚಿಕಿತ್ಸೆಯ ಹೊರಗಿದ್ದರು. ಅವರ ಮನೆಗಳಲ್ಲೂ ಯಾರೋ ಒಬ್ಬಳು ಡಬ್ಬಿ ಎತ್ತಿ ನೋಡಿ ಸುಮ್ಮನಾಗುತ್ತಿರಬೇಕು.

ನಾನು ಬಾಯಿ ಬಿಟ್ಟದ್ದಕ್ಕೆ ಅಕ್ಕನಿಗೆ ಸಿಟ್ಟು. “ಮನ್ಯಾಗ ಲಗ್ನದ ಹುಡುಗಿ ಅದಾಳ. ಸತ್ತವನ ಹೆಸರ ಯಾಕ ಕೆಡಸ್ತಿ?” ಎಂದಳು. ಕಾಯಿಲೆಯ ಹೆಸರು ಹೇಳಿದರೆ ಕಾಕಾನ ಹೆಸರು ಕೆಡುವುದಿಲ್ಲ, ಬೇಕಾದರೆ ಅವನು ತೀರಿಸಿದ ಸಾಲದ ಪಟ್ಟಿಯನ್ನು ನಿನ್ನ ಬೀಗರಿಗೆ ತೋರಿಸು ಎಂದೆ. ಅವಳು ಫೋನ್ ಇಟ್ಟಳು. ಈಗಲೂ ನನ್ನ ಜೊತೆ ಸರಿಯಾಗಿ ಮಾತಿಲ್ಲ.

ಅವಳ ಮಗಳು ಮಾತ್ರ ತಾಯಿಗೆ ಹೇಳದೆ, ಹುಡುಗನ ಮುಂದಿನ ತಪಾಸಣೆಗೆ ಅವನ ಹೆಂಡತಿಯ ಜೊತೆ ಹೋಗಿ ತನ್ನ ಪ್ರಶ್ನೆಗಳನ್ನು ತಾನೇ ಕೇಳಿಕೊಂಡು ಬಂದಳು. ತಂದೆಗೋ ತಾಯಿಗೋ ಈ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವುದು ಹತ್ತರಲ್ಲಿ ಒಬ್ಬರಿಗೆ ಎನ್ನುವಷ್ಟು, ನಿನ್ನಷ್ಟು ದೂರದ ಸಂಬಂಧಕ್ಕೆ ಅದಕ್ಕಿಂತ ಬಹಳ ಕಡಿಮೆ, ಮದುವೆಗೆ ಅಡ್ಡಿಯೇನಿಲ್ಲ, ಆದರೆ ಈ ಕಾಯಿಲೆಯ ಮನೆತನದ ಹೆಣ್ಣುಮಕ್ಕಳು ಹೆರಿಗೆಯಾದ ಮೊದಲ ವಾರಗಳಲ್ಲಿ ನಿದ್ದೆಯ ಬಗ್ಗೆ ಎಚ್ಚರವಿರಬೇಕು, ಹೆರಿಗೆ ಡಾಕ್ಟರಿಗೆ ಮೊದಲೇ ಹೇಳಿರಬೇಕು ಎಂದರಂತೆ. ಅಷ್ಟನ್ನೂ ಬರೆದುಕೊಂಡು, ಬರುವ ಭಾನುವಾರ ಆ ಹುಡುಗನಿಗೆ ತಾನೇ ಹೇಳುತ್ತೇನೆ, ನೀನೂ ಬಾ ಎಂದು ನನ್ನನ್ನು ಕರೆದಿದ್ದಾಳೆ. ಕಾಕಾನ ವಿಷಯ ಬಂದರೆ ಹುಣಸೆಬೀಜದಿಂದ ಶುರುಮಾಡುತ್ತೇನೆ ಎಂದು ಅವಳಿಗೆ ಹೇಳಿಟ್ಟಿದ್ದೇನೆ.